ಕೆನಡಾದಲ್ಲಿ ಚಳಿ ಕಮ್ಮಿ ಎಲ್ಲಿ? ವಿಕ್ಟೋರಿಯಾ, ವ್ಯಾಂಕೂವರ್, ಕೆಲೋನಾ, ವಿಂಡ್ಸರ್

ಚಳಿಯೊಂದೇ ಲೆಕ್ಕವಾದರೆ ನನ್ನ ವೋಟು ವಿಕ್ಟೋರಿಯಾಕ್ಕೆ. ದೇಶದ ನಡುಭಾಗದ ವಿನಿಪೆಗ್ ನಗರದಲ್ಲಿ ಜನವರಿಯ ಸರಾಸರಿ ಮೈನಸ್ 16 ಡಿಗ್ರಿ ಆಸುಪಾಸು. ವಿಕ್ಟೋರಿಯಾದಲ್ಲಿ ಪ್ಲಸ್ 5. ಪೆಸಿಫಿಕ್ ಸಾಗರದ ಗಾಳಿಯೇ ಇದಕ್ಕೆ ಕಾರಣ. ದೇಶದ ಉಳಿದ ಕಡೆ ಜನ ಹಿಮ ಬಾಚುವಾಗ ಇಲ್ಲಿ ಫೆಬ್ರವರಿಯಲ್ಲೇ ಮರಗಳು ಹೂ ಬಿಡೋಕೆ ಶುರು.

ವ್ಯಾಂಕೂವರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಬೆಚ್ಚಗೆ. ಆದರೆ ಮಳೆ! ವಿಮಾನ ನಿಲ್ದಾಣದ ಬಳಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್, ಉತ್ತರದ ಬೆಟ್ಟಗಳ ಕಡೆ ಇನ್ನೂ ಜಾಸ್ತಿ. ವಿಕ್ಟೋರಿಯಾ ನಗರದಲ್ಲಿ ಸುಮಾರು ಅದರ ಅರ್ಧ, ಏಕೆಂದರೆ ಅಮೆರಿಕದ ಒಲಿಂಪಿಕ್ ಪರ್ವತಗಳು ಮೋಡವನ್ನು ಮೊದಲೇ ಹಿಂಡಿಬಿಡುತ್ತವೆ. ನಮ್ಮ ಘಟ್ಟದಾಚೆಯ ಬಯಲುಸೀಮೆ ಇದ್ದ ಹಾಗೆ. ಮೋಡ ಮುಸುಕಿದ ದಿನಗಳು ಮಾತ್ರ ಎರಡೂ ಕಡೆ ತಪ್ಪಿದ್ದಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅದು ಕೆಲವರಿಗೆ ಚಳಿಗಿಂತ ಕಷ್ಟ.

ಮಳೆ ಬೇಡವಾ? ಕರಾವಳಿಯಿಂದ ಒಳಗಿರುವ ಕೆಲೋನಾ ನೋಡಿ. ಒಣಹವೆ, ದೊಡ್ಡ ಸರೋವರ, ದ್ರಾಕ್ಷಿ ತೋಟ. ಚಳಿಗಾಲದಲ್ಲಿ ಸೊನ್ನೆಗಿಂತ ಸ್ವಲ್ಪ ಕೆಳಗೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಹೊಗೆಯ ಕಾಟ ಉಂಟು, 2023ರ ಆಗಸ್ಟ್‌ನಲ್ಲಿ ಬೆಂಕಿ ಊರಿನ ಅಂಚಿಗೇ ಬಂದಿತ್ತು.

ವಿಂಡ್ಸರ್ ಒಂಟಾರಿಯೊ ಪ್ರಾಂತ್ಯದ ಬೆಚ್ಚಗಿನ ಮೂಲೆ, ಅಷ್ಟೇ. ಹಿಮ ಬೀಳುತ್ತೆ, ಜುಲೈನಲ್ಲಿ ಸೆಕೆ.

ಇನ್ನು ದುಡ್ಡು. ಪಶ್ಚಿಮ ಕರಾವಳಿಯಲ್ಲಿ ಮನೆ ಬಾಡಿಗೆ ದುಬಾರಿ. ವಿಕ್ಟೋರಿಯಾ ಇರೋದು ದ್ವೀಪದಲ್ಲಿ, ವ್ಯಾಂಕೂವರ್ ಕಡೆಗೆ ಹೋಗಬೇಕಾದರೆ ಫೆರಿಯಲ್ಲೇ ಒಂದೂವರೆ ಗಂಟೆ. ವಾರವಾರ ಓಡಾಡೋರು ವ್ಯಾಂಕೂವರ್‌ನಲ್ಲೇ ಇದ್ದು ಒಂದು ಒಳ್ಳೆ ರೇನ್‌ಕೋಟ್ ಕೊಳ್ಳಿ.