ಪ್ರಿಗ್ಯಾಬಲಿನ್ 75: ಕ್ಯಾಪ್ಸೂಲ್ ಒಳ್ಳೆಯದು, ಮಿಶ್ರಣದ ಸ್ಟ್ರಿಪ್ ಬೇಡ

ನರನೋವಿಗೂ ಆತಂಕದ ಕಾಯಿಲೆಗೂ ಕೊಡುವ ಪ್ರಿಗ್ಯಾಬಲಿನ್, ನರಕೋಶಗಳೊಳಗೆ ಕ್ಯಾಲ್ಸಿಯಂ ಬಿಡುವ ದ್ವಾರವಾದ ಕ್ಯಾಲ್ಸಿಯಂ ಚಾನೆಲ್‌ನಲ್ಲಿರುವ ಆಲ್ಫಾ-2-ಡೆಲ್ಟಾ ಎಂಬ ಭಾಗವನ್ನು ಹಿಡಿಯುತ್ತದೆ. ಕೆರಳಿದ ನರತುದಿಗೆ ಕ್ಯಾಲ್ಸಿಯಂ ನುಗ್ಗುವುದು ತಗ್ಗಿ, ನರಸಂದೇಶ ಒಯ್ಯುವ ಗ್ಲುಟಮೇಟ್ ಮತ್ತು ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕಗಳು ಕಡಿಮೆ ಹೊರಬರುತ್ತವೆ. ಬಿಪಿಯ ಆಮ್ಲೋಡಿಪಿನ್ ಕೂಡ ಕ್ಯಾಲ್ಸಿಯಂ ಚಾನೆಲ್ ಔಷಧಿಯೇ, ಆದರೆ ಅದು ಹಿಡಿಯುವ ಜಾಗ ಬೇರೆ. ಒಂದರ ಬದಲು ಇನ್ನೊಂದು ನಡೆಯದು.

ಆತಂಕಕ್ಕೆ ಯುರೋಪಿನಲ್ಲಿ 2006ರಿಂದ ಅನುಮತಿಯಿದೆ. ಸಾಮಾನ್ಯವಾಗಿ ಮೊದಲ ವಾರದಲ್ಲೇ ಗುಣ ಕಾಣುತ್ತದೆ; ಇದು ದೊಡ್ಡ ಅನುಕೂಲ. ಲಿವರ್‌ಗೆ ಹೊರೆಯಿಲ್ಲ, ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿಯೇ ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿಯ ಶೋಧಿಸುವ ಶಕ್ತಿಯ ಅಳತೆ) ನಿಮಿಷಕ್ಕೆ 60 ಮಿ.ಲೀ.ಗಿಂತ ಇಳಿದವರಿಗೆ ಡೋಸ್ ಇಳಿಸಲೇಬೇಕು, ಇಲ್ಲದಿದ್ದರೆ ತೂಕಡಿಕೆ, ತೂರಾಟ, ಗೊಂದಲ ಶುರುವಾಗುತ್ತದೆ. ಕಾಲು ಊತ, ಮೈತೂಕ ಏರುವುದು ಕಿಡ್ನಿ ಚೆನ್ನಾಗಿರುವವರಲ್ಲೂ ಕಾಣಬಹುದು.

ನಿಜವಾದ ತಕರಾರು ಸ್ಟ್ರಿಪ್‌ನದು. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ‘ಎಂ’ ಇದ್ದರೆ ಮಿಥೈಲ್‌ಕೋಬಾಲಮಿನ್ ಸೇರಿರುತ್ತದೆ, ಅದು ವಿಟಮಿನ್, ಹೋಗಲಿ. ‘ಎನ್‌ಟಿ’ ಇದ್ದರೆ ನಾರ್‌ಟ್ರಿಪ್ಟಿಲಿನ್ 10 ಎಂಜಿ. ಅದು ಖಿನ್ನತೆಯ ಔಷಧಿ. ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಕಾಯಿಲೆ) ಇರುವವರನ್ನು ಉನ್ಮಾದಕ್ಕೆ ತಳ್ಳಬಹುದು. ಮಧುಮೇಹದ ನರನೋವಿಗೆ ಇದರ ಉಪಯೋಗ ಇದೆ, ಆದರೆ ಮನೋರೋಗದ ಚಿಕಿತ್ಸೆಯಲ್ಲಿರುವವರು ತಮ್ಮ ಡಾಕ್ಟರಿಗೆ ತೋರಿಸದೆ ಮುಟ್ಟಬಾರದು.

ಪ್ರಿಗ್ಯಾಬಲಿನ್ ಬಿಡುವಾಗ ತೊಡಕು ಇನ್ನೂ ಹೆಚ್ಚು. ಡಾಕ್ಟರ ನಿಗಾದಲ್ಲಿ ವಾರಕ್ಕೆ 50ರಿಂದ 100 ಎಂಜಿ ಇಳಿಸುವುದು ರೂಢಿ: ದಿನಕ್ಕೆ 300 ಇದ್ದವರು 225, 150, 75, ಆಮೇಲೆ ಬಂದ್. ತಟಕ್ಕನೆ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ವಾಕರಿಕೆ, ಭೇದಿ. ಮೂರ್ಛೆರೋಗ ಇರುವವರಿಗೆ ಫಿಟ್ಸ್ ಮರುಕಳಿಸಬಹುದು. ಎನ್‌ಟಿ ಸ್ಟ್ರಿಪ್‌ನಲ್ಲಿ ಎರಡು ಔಷಧಿಗಳೂ ಒಟ್ಟಿಗೆ ಇಳಿಯುವುದರಿಂದ ಯಾವುದರಿಂದ ಏನಾಯಿತೆಂದು ತಿಳಿಯದು. ಎಸ್‌ಆರ್, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆಯನ್ನಂತೂ ಮುರಿಯಲೂಬಾರದು, ಅಗಿಯಲೂಬಾರದು.

ಚಟದ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಬ್ರಿಟನ್ 2019ರ ಏಪ್ರಿಲ್‌ನಲ್ಲಿ ಪ್ರಿಗ್ಯಾಬಲಿನನ್ನು ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಓಪಿಯಾಯ್ಡ್ (ಮಾರ್ಫಿನ್ ಬಗೆಯ) ನೋವುನಿವಾರಕಗಳ ಜೊತೆ ಉಸಿರಾಟ ಕುಗ್ಗುವ ಅಪಾಯವಿದೆಯೆಂದು ಎಚ್ಚರಿಸಿತು. ಹಿಂದೆ ಮದ್ಯದ ಅಥವಾ ಮಾದಕ ವಸ್ತುಗಳ ಚಟ ಇದ್ದವರಿಗೆ ಇದರ ಗೀಳೂ ಬೇಗ ಹತ್ತುತ್ತದೆ. ಕುಡಿದ ರಾತ್ರಿ ನುಂಗಿದರೆ ಪ್ರಾಣಕ್ಕೇ ಕುತ್ತು.

ಬರಿಯ 75 ಎಂಜಿ ಕ್ಯಾಪ್ಸೂಲಿಗೆ ಐದಕ್ಕೆ ನಾಲ್ಕು ಅಂಕ; ಮನೋರೋಗದ ಚಿಕಿತ್ಸೆಯಲ್ಲಿರುವವರ ಮಟ್ಟಿಗೆ ಎನ್‌ಟಿಗೆ ಒಂದೇ. ಚೀಟಿಯಲ್ಲಿ ‘ಪ್ರಿಗ್ಯಾಬಲಿನ್ ಮಾತ್ರ’ ಎಂದು ಬರೆಸಿಕೊಳ್ಳಿ. ಕೌಂಟರಿನಲ್ಲಿ ‘ಇದೂ ಅದೇ’ ಎಂದು ಬೇರೆ ಸ್ಟ್ರಿಪ್ ಚಾಚಿದರೆ, ಹಿಂಬದಿಯ ಸಣ್ಣಕ್ಷರ ಓದಿ ವಾಪಸ್ ಕೊಡಿ.