ಹಾಯಿದೋಣಿಯ ಲೈಫ್ ರಾಫ್ಟ್: ಡೆಕ್ ಮೇಲೋ, ಲಾಕರ್ ಒಳಗೋ, ಹಿಂದಿನ ಕಂಬಿಗೋ?

ದೋಣಿ ಮುಳುಗುವಾಗ ಹತ್ತಿ ಜೀವ ಉಳಿಸಿಕೊಳ್ಳುವ, ಗ್ಯಾಸ್ ತುಂಬಿ ಉಬ್ಬುವ ತೆಪ್ಪವೇ ಲೈಫ್ ರಾಫ್ಟ್. ಆರು ಜನರ ರಾಫ್ಟ್ ಅಂದರೆ ಸುಮಾರು 30ರಿಂದ 40 ಕಿಲೋ. ದೋಣಿ ಹೊಯ್ದಾಡುವಾಗ ಅದನ್ನು ಎತ್ತುವವರು ಯಾರು? ಮೊದಲು ಇದನ್ನು ಯೋಚಿಸಿ. ದೂರದ ಸಾಗರ ರೇಸ್‌ಗಳ ನಿಯಮವೂ ಇದನ್ನೇ ಕೇಳುತ್ತದೆ: 15 ಸೆಕೆಂಡಿನಲ್ಲಿ ರಾಫ್ಟ್ ದೋಣಿಯ ಅಂಚಿಗೆ ಬರಬೇಕು.

ಡೆಕ್ ಮೇಲೆ, ಅಂದರೆ ದೋಣಿಯ ಮೇಲ್ಹಾಸಿನ ಮೇಲೆ, ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೈಡ್ರೋಸ್ಟ್ಯಾಟಿಕ್ ರಿಲೀಸ್ ಹಾಕಿಸಿದರೆ ಇನ್ನೂ ಒಂದು ಲಾಭ. ದೋಣಿ ಮುಳುಗಿ 1.5ರಿಂದ 4 ಮೀಟರ್ ಆಳಕ್ಕೆ ಹೋದಾಗ ನೀರಿನ ಒತ್ತಡಕ್ಕೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಅಲೆಯ ಹೊಡೆತವೆಲ್ಲ ಡೆಕ್ ಮೇಲಿನ ರಾಫ್ಟಿಗೇ. 15 ಸ್ಪರ್ಧಿಗಳು ಸತ್ತ 1979ರ ಫಾಸ್ಟ್‌ನೆಟ್ ಎಂಬ ಬ್ರಿಟನ್ನಿನ ಹಾಯಿದೋಣಿ ರೇಸ್‌ನಲ್ಲಿ ಕೆಲವು ದೋಣಿಗಳ ರಾಫ್ಟನ್ನು ಸಮುದ್ರವೇ ಕಿತ್ತುಕೊಂಡು ಹೋಗಿತ್ತು. ಹಾಗಾಗಿ ಪೆಟ್ಟಿಗೆ ಕೂರುವ ತೊಟ್ಟಿಲನ್ನು ಸುಮ್ನೆ ಸ್ಕ್ರೂ ಹೊಡೆದು ಕೂರಿಸಬೇಡಿ. ಬೋಲ್ಟ್ ಡೆಕ್ಕಿನ ಆಚೆ ದಾಟಲಿ, ಕೆಳಗೆ ಅಗಲವಾದ ಲೋಹದ ಪಟ್ಟಿ ಇರಲಿ.

ಲಾಕರ್‌ನಲ್ಲಿ, ಅಂದರೆ ಸಾಮಾನು ಇಡುವ ಮುಚ್ಚಳದ ಗೂಡಿನಲ್ಲಿ, ಬಿಸಿಲಿಲ್ಲ, ಉಪ್ಪುನೀರು ಕಡಿಮೆ, ಬಟ್ಟೆಚೀಲದ ಹಗುರ ರಾಫ್ಟ್ ಸಾಕು. ಅದಕ್ಕೇ ಮೀಸಲಾದ, ಹಿಂಭಾಗಕ್ಕೆ ತೆರೆಯುವ ಲಾಕರ್ ಇದ್ದರೆ ನಾನು ಕಣ್ಮುಚ್ಚಿ ಅದನ್ನೇ ಆರಿಸುತ್ತೇನೆ. ಸಾಮಾನ್ಯ ಲಾಕರ್ ಮಾತ್ರ ಬೇಡ. ನಾಲ್ಕು ದಿನದಲ್ಲಿ ಮೇಲೆ ಹಗ್ಗ, ಫೆಂಡರ್, ಬಕೆಟ್ ಎಲ್ಲ ಬಂದು ಕೂರುತ್ತವೆ, ಅಲ್ವಾ?

ದೋಣಿಯ ಹಿಂತುದಿಯಲ್ಲಿರುವ ರಕ್ಷಣೆಯ ಕಂಬಿಗೆ ಕಟ್ಟಿದರೆ ಒಬ್ಬರೇ ನೀರಿಗೆ ಬೀಳಿಸಬಹುದು. ಗಂಡ-ಹೆಂಡತಿ ಇಬ್ಬರೇ ಹೋಗುವವರಿಗೆ ಇದು ದೊಡ್ಡ ಅನುಕೂಲ. ಆದರೆ ಭಾರ ಎತ್ತರದಲ್ಲಿ, ತುದಿಯಲ್ಲಿ ಕೂರುತ್ತದೆ. ಕಂಬಿಗೆ ಜಾಸ್ತಿ ಆಸರೆ ಕೊಡಿಸಲೇಬೇಕು.

ಎಲ್ಲೇ ಇಟ್ಟರೂ ರಾಫ್ಟಿನ ಹಗ್ಗದ ತುದಿಯನ್ನು ದೋಣಿಯ ಗಟ್ಟಿ ಜಾಗಕ್ಕೆ ಮೊದಲೇ ಕಟ್ಟಿಡಿ. ಅದನ್ನು ಜಗ್ಗಿದರೇ ಗ್ಯಾಸ್ ತುಂಬುವುದು.