ಸಿಪಿಎಲ್ ದಾರಿಯೋ, ಎಂಪಿಎಲ್ ದಾರಿಯೋ?

ಏರ್‌ಲೈನ್ ಪೈಲಟ್ ಆಗಬೇಕೆಂದರೆ ಎರಡು ದಾರಿಗಳಿವೆ. ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಹಳೆಯದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ಪ್ರಕಾರ 200 ಗಂಟೆ ಹಾರಾಟ ಬೇಕು, ಮಾನ್ಯತೆಯಿರುವ ಕೋರ್ಸ್‌ನಲ್ಲಾದರೆ 150 ಸಾಕು. 2006ರಲ್ಲಿ ಬಂದ ಎಂಪಿಎಲ್‌ಗೆ (ಮಲ್ಟಿ ಕ್ರೂ ಪೈಲಟ್ ಲೈಸೆನ್ಸ್) 240 ಗಂಟೆ, ಆದರೆ ಸಿಮ್ಯುಲೇಟರ್ ಗಂಟೆಗಳೂ ಅದರಲ್ಲೇ ಸೇರುತ್ತವೆ.

ಸುರಕ್ಷತೆಯ ಅಭ್ಯಾಸದಲ್ಲಿ ನನಗೆ ಎಂಪಿಎಲ್ ಹೆಚ್ಚು ಇಷ್ಟ. ಒಬ್ಬರು ವಿಮಾನ ಹಾರಿಸುವುದು, ಇನ್ನೊಬ್ಬರು ಗಮನಿಸುತ್ತಾ ತಪ್ಪು ಕಂಡ ಕೂಡಲೇ ಬಾಯಿಬಿಟ್ಟು ಹೇಳುವುದು, ಇಬ್ಬರೂ ಸೇರಿ ಚೆಕ್‌ಲಿಸ್ಟ್ ಮುಗಿಸುವುದು, ಎಲ್ಲವೂ ಬೇಗನೆ ರೂಢಿಯಾಗುತ್ತದೆ. ಸಿಪಿಎಲ್‌ನವರು ಇದನ್ನು ಸಾಮಾನ್ಯವಾಗಿ ಆಮೇಲೆ ಕಲಿಯುತ್ತಾರೆ. ಆದರೆ ಒಬ್ಬರೇ ಕೂತು ನಿರ್ಧಾರ ಮಾಡಿದ ಅನುಭವ ಅವರಿಗೆ ಜಾಸ್ತಿ. ಅದೂ ಸಣ್ಣ ವಿಷಯವಲ್ಲ, ಅಲ್ವಾ?

ಎಂಪಿಎಲ್ ಮಲ್ಟಿ ಕ್ರೂ, ಅಂದರೆ ಒಬ್ಬರಿಗಿಂತ ಹೆಚ್ಚು ಪೈಲಟ್‌ಗಳು ಬೇಕಾದ, ವಿಮಾನದ ಸಹಪೈಲಟ್ ಕೆಲಸಕ್ಕೆಂದೇ ಇರುವುದು. ತರಬೇತಿ ಕೊಡಿಸಿದ ಏರ್‌ಲೈನ್ ಕೈಬಿಟ್ಟರೆ ಬೇರೆ ದಾರಿ ಕಡಿಮೆ. ಕೆಲಸದ ಭರವಸೆ ಬರವಣಿಗೆಯಲ್ಲಿ ಸಿಗದಿದ್ದರೆ ಸಿಪಿಎಲ್ ಆರಿಸಿಕೊಳ್ಳಿ.